ಹಳೆಯ ಕಡತಗಳೂ ವಿಜ್ಞಾನದ ವಿದ್ಯಾರ್ಥಿಯೂ

‘ಕಡತ’ ಎಂಬ ಮಾತು ಕಿವಿಗೆ ಬಿದ್ದೊಡನೆ ಇಂದಿನವರಿಗೆ ಸರ್ಕಾರಿ ಕಚೇರಿಯ ಮೇಜು, ಕೆಂಪು ದಾರ, ‘ನಾಳೆ ಬನ್ನಿ’ ಎನ್ನುವ ಗುಮಾಸ್ತೆ ಇವೇ ನೆನಪಿಗೆ ಬರುವುವು. ಶಬ್ದದ ಹುಟ್ಟು ಬೇರೆಯೇ ಆಗಿದೆ. ಹಿಂದೆ ನಮ್ಮ ನಾಡಿನ ವರ್ತಕರೂ ಶಾನುಭೋಗರೂ ಮಠಗಳ ಪಾರುಪತ್ಯಗಾರರೂ ಬಟ್ಟೆಯ ಉದ್ದನೆಯ ಪಟ್ಟಿಯೊಂದಕ್ಕೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿಯುತ್ತಿದ್ದರು. ಅದು ಒಣಗಿ ಬಿರುಸಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ ಪುಸ್ತಕದಂತೆ ಮಾಡಿಕೊಳ್ಳುತ್ತಿದ್ದರು. ಆ ಕರಿಯ ಮೈಮೇಲೆ ಬಳಪದ ಕಡ್ಡಿಯಿಂದ ಬೆಳ್ಳನೆಯ ಅಕ್ಷರಗಳನ್ನು ಬರೆಯುವರು. ಇದೇ ಕಡತ. ಬೇಡವೆನಿಸಿದಾಗ ಅಳಿಸಬಹುದು, ಮತ್ತೆ ಬರೆಯಬಹುದು. ತುಂಗೆಯ ದಂಡೆಯ ಮೇಲಿನ ನಮ್ಮ ನೆಮ್ಮಾರಿನಿಂದ ಹೊಳೆಯ ಜಾಡನ್ನೇ ಹಿಡಿದು ಕೆಳಕ್ಕೆ ನಡೆದರೆ ಸಿಕ್ಕುವ ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ಬಹುಸಂಖ್ಯೆಯಲ್ಲಿ ಉಳಿದು ಬಂದಿವೆ.

ಬಳಪದ ಅಕ್ಷರ ನೂರಾರು ವರ್ಷ ಹೇಗೆ ಉಳಿಯಿತೆಂದು ಭೌತಶಾಸ್ತ್ರದ ವಿದ್ಯಾರ್ಥಿ ಕೇಳಬೇಕು. ಬಳಪದ ಕಲ್ಲಿನ ಮುಖ್ಯ ಖನಿಜ ಟ್ಯಾಲ್ಕ್. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಅದರದು ಮೊದಲ ಅಂಕೆ, ಎಂದರೆ ಎಲ್ಲಕ್ಕಿಂತಲೂ ಮೆದು. ಅದರ ಅಣುಪದರಗಳು ಒಂದರ ಮೇಲೊಂದು ಜಾರುವಂತಹವು. ಆದುದರಿಂದ ಇದ್ದಿಲಿನಿಂದ ಒರಟಾದ ಮೈಯ ಮೇಲೆ ಎಳೆದೊಡನೆ ಪದರಗಳು ಕಳಚಿ ಅಲ್ಲಿಯೇ ಸಿಕ್ಕಿಕೊಳ್ಳುವುವು. ಕಲ್ಲಾದುದರಿಂದ ಅದಕ್ಕೆ ಬಣ್ಣ ಮಾಸುವ ಭಯವಿಲ್ಲ, ಬಿಸಿಲಿಗೆ ಕಂದುವ ಭಯವೂ ಇಲ್ಲ. ಕೈಯುಜ್ಜುವುದೊಂದೇ ಅದರ ಶತ್ರು. ಮಡಿಸಿ ಕಟ್ಟಿಟ್ಟ ಮೇಲೆ ಅದಕ್ಕೂ ಅವಕಾಶ ಕಡಿಮೆ. ಅಳಿಸಲು ಸುಲಭವಾದ ಬರವಣಿಗೆಯೊಂದು ಇಷ್ಟು ಕಾಲ ಬಾಳಿದ ಬಗೆ ಇದು.

1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಹಳೆಯ ಕಾಗದಪತ್ರಗಳನ್ನು ಶೋಧಿಸುತ್ತಿರಲು, ಟಿಪ್ಪು ಸುಲ್ತಾನನು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿ ಕಳುಹಿದ ಸುಮಾರು 30 ಪತ್ರಗಳು ದೊರೆತುವು. ಆ ಕಾಲದ ಚರಿತ್ರೆಯನ್ನು ಬರೆಯುವವರು ಅನಂತರ ಆ ಕಟ್ಟನ್ನು ಬಿಟ್ಟು ಮುಂದೆ ಹೋಗಲಾರದಂತಾಯಿತು. ಬಹಳ ವರ್ಷಗಳ ಮೇಲೆ ಎ. ಕೆ. ಶಾಸ್ತ್ರಿಯವರು ಇದೇ ಮಠದ ಕಡತಗಳನ್ನು ಆಧರಿಸಿ ಶೃಂಗೇರಿಯ ಚರಿತ್ರೆಯನ್ನು ರಚಿಸಿದರು. ಅದು 1982ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಹೀಗೆ ಚರಿತ್ರಕಾರರು ಬಂದರು. ಸಾಹಿತ್ಯದ ವಿದ್ವಾಂಸರು ಬಂದರು. ವಂಶಾವಳಿಯನ್ನು ಹುಡುಕುವವರೂ ಬಂದರು. ವಿಜ್ಞಾನದ ವಿದ್ಯಾರ್ಥಿ ಮಾತ್ರ ಹಸ್ತಪ್ರತಿ ಭಂಡಾರದ ಮೆಟ್ಟಿಲನ್ನು ಹತ್ತಿದ್ದು ವಿರಳ. ಅದು ತನಗೆ ಸಂಬಂಧಿಸಿದ ಸ್ಥಳವಲ್ಲವೆಂದು ಅವನಿಗೆ ಯಾರೋ ಹೇಳಿಕೊಟ್ಟಂತೆ ಕಾಣುತ್ತದೆ. ಈ ಭಾವನೆ ತಪ್ಪು ಮಾತ್ರವಲ್ಲ, ನಮ್ಮ ವಿಜ್ಞಾನಕ್ಕೆ ಪ್ರತಿ ಮಳೆಗಾಲದಲ್ಲಿಯೂ ನಷ್ಟವನ್ನುಂಟುಮಾಡುತ್ತಿರುವ ಭಾವನೆ ಎಂಬುದು ನನ್ನ ವಾದ.

ಮೈಸೂರಿನ ಉದಾಹರಣೆಯನ್ನೇ ಮೊದಲು ತೆಗೆದುಕೊಳ್ಳೋಣ. 1891ರಲ್ಲಿ ಅಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಆಶ್ರಯಕ್ಕೆ ಬಂದಿತು. 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಹೆಸರು ಪಡೆಯಿತು. ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು, ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ್ದ ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು 1905ರಲ್ಲಿ ಬಿಚ್ಚಿ ಓದಿದರು. ಶತಮಾನಗಳಿಂದ ಹೆಸರು ಮಾತ್ರವಾಗಿ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದುವು. ಇಷ್ಟು ಸಂಗತಿ ಶಾಲೆಯ ಹುಡುಗರಿಗೂ ಗೊತ್ತು. ಆ ಗ್ರಂಥದಲ್ಲಿ ಒಂದು ಮಳೆಮಾಪಕವಿದೆಯೆಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ.

ಉಗ್ರಾಣದಲ್ಲಿ ಒಂದು ಅರತ್ನಿ, ಎಂದರೆ ಮೊಳದಷ್ಟು, ಬಾಯಗಲವುಳ್ಳ ಪಾತ್ರೆಯೊಂದನ್ನು ಮಳೆಯನ್ನು ಅಳೆಯಲು ಇಡಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ಮುಂದೆ ಬೇಸಾಯದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ ಅಂಕೆಗಳೇ ಬರುತ್ತವೆ: ಒಣನಾಡಿಗೆ 16 ದ್ರೋಣ, ನೀರಾವರಿಯ ತೇವದ ನಾಡಿಗೆ ಅದರ ಒಂದೂವರೆಯಷ್ಟು, ಅಶ್ಮಕಕ್ಕೆ 13½, ಅವಂತಿಗೆ 23. ಪಶ್ಚಿಮದ ಅಪರಾಂತಕ್ಕೆ ಮಾತ್ರ ಅಂಕೆಯೇ ಇಲ್ಲ. ಅಲ್ಲಿ ಮಳೆ ಅಮಿತವೆಂದು ಕೈಬಿಟ್ಟಿದ್ದಾನೆ! ಆಗುಂಬೆಯ ಮಳೆಯಲ್ಲಿ ಒಮ್ಮೆ ನೆನೆದವರು ಈ ಮಾತನ್ನು ಕವಿಯ ಅತಿಶಯೋಕ್ತಿಯೆನ್ನಲಾರರು. ದ್ರೋಣವನ್ನು ಅಂಗುಲಕ್ಕೆ ಹೇಗೆ ಪರಿವರ್ತಿಸಬೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೂ ಗಮನಿಸಬೇಕಾದುದು ಬೇರೆ. ಪಾತ್ರೆಯ ಬಾಯಿಯ ಅಗಲವನ್ನು ಗೊತ್ತುಮಾಡಿದ್ದಾನಲ್ಲ, ಅದೇ ಇಲ್ಲಿಯ ವಿಜ್ಞಾನ. ಬಾಯಿ ಎಲ್ಲೆಡೆಯೂ ಒಂದೇ ಅಳತೆಯದಾಗಿದ್ದರೆ ಮಾತ್ರ ಒಂದು ಊರಿನ ನೀರನ್ನು ಇನ್ನೊಂದು ಊರಿನ ನೀರಿನೊಡನೆ ಹೋಲಿಸಬಹುದು. ಇಂದು ನಾವು ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಲೀಟರು ನೀರನ್ನು ಒಂದು ಮಿಲಿಮೀಟರು ಮಳೆಯೆನ್ನುತ್ತೇವೆ. ಆಗುಂಬೆಯ ವಾರ್ಷಿಕ ಸರಾಸರಿ ಸುಮಾರು 7,600 ಮಿಲಿಮೀಟರು. ನೀರು ಹರಿದುಹೋಗದೆ, ಇಂಗದೆ, ಆರದೆ ನಿಂತಿದ್ದರೆ ಅದರ ಆಳ 25 ಅಡಿ.

ಕೌಟಿಲ್ಯನ ಮಾಪಕದಲ್ಲಿ ದಿನದಿನವೂ ಬಿದ್ದ ಮಳೆಯ ಲೆಕ್ಕ ನಮಗೆ ದೊರೆತಿಲ್ಲ. ವಿಧಿ ಉಳಿಯಿತು, ದಾಖಲೆ ಉಳಿಯಲಿಲ್ಲ. ಇದಕ್ಕೆ ಪ್ರತಿಯಾಗಿ ಕೊರಿಯ ದೇಶವನ್ನು ನೋಡಿರಿ. ಅಲ್ಲಿ ಹದಿನೈದನೆಯ ಶತಮಾನದಲ್ಲಿ, 1441-42ರ ಸುಮಾರಿಗೆ, ರಾಜಾಜ್ಞೆಯಿಂದ ಮಳೆಮಾಪಕಗಳು ಏರ್ಪಟ್ಟುವು. ಅರಮನೆಯ ದಿನಚರಿಗಳಲ್ಲಿ ಬರೆದಿಟ್ಟ ಸಿಯೋಲ್ ನಗರದ ಮಳೆಯ ಅಳತೆಗಳು 1770ರ ದಶಕದಿಂದೀಚೆಗೆ ದೊರೆಯುತ್ತವೆ. ಇಂದು ಹವಾಮಾನದ ಏರಿಳಿತಗಳನ್ನು ಅಭ್ಯಸಿಸುವವರು ಆ ಪುಟಗಳನ್ನು ತೆರೆದು ನೋಡುತ್ತಾರೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಮರಗಳು ಹೂ ಬಿಟ್ಟ ದಿನಗಳನ್ನು ಆಸ್ಥಾನಿಕರೂ ಸಂನ್ಯಾಸಿಗಳೂ ಒಂಬತ್ತನೆಯ ಶತಮಾನದಿಂದ ತಮ್ಮ ದಿನಚರಿಗಳಲ್ಲಿ ಬರೆದಿದ್ದರು. ಅವರಿಗೆ ಬೇಕಾಗಿದ್ದುದು ಹೂವಿನ ಹಬ್ಬ. ಯಸುಯುಕಿ ಅವೊನೊ ಎಂಬ ವಿಜ್ಞಾನಿಗೆ ಸಿಕ್ಕಿದ್ದು ಸಾವಿರದಿನ್ನೂರು ವರ್ಷಗಳ ವಸಂತಕಾಲದ ಉಷ್ಣತೆಯ ಲೆಕ್ಕ. ಬರೆದವನ ಉದ್ದೇಶವೇ ಬೇರೆ, ಓದುವವನ ಪ್ರಶ್ನೆಯೇ ಬೇರೆ ಆಗಿರಬಹುದೆಂಬುದನ್ನು ಇಲ್ಲಿ ಮನಗಾಣಬೇಕು. ಓದುವವನಲ್ಲಿ ಪ್ರಶ್ನೆಯೊಂದು ಇರಬೇಕಾದುದು ಮಾತ್ರ ಅಗತ್ಯ.

ಸೂರ್ಯನ ಮೇಲಿನ ಕಲೆಗಳ ಕಥೆಯೂ ಇಂತಹುದೇ. ಕಲೆಗಳ ಸಂಖ್ಯೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುವುದೆಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಆದರೆ 1645ರಿಂದ 1715ರವರೆಗೆ, ಎಪ್ಪತ್ತು ವರ್ಷಗಳ ಕಾಲ, ಕಲೆಗಳು ಬಹುಮಟ್ಟಿಗೆ ಮಾಯವಾಗಿದ್ದುವು. ಇದನ್ನು ಕಂಡುಹಿಡಿದುದು ಹೊಸ ದೂರದರ್ಶಕದಿಂದಲ್ಲ. ಸ್ಪೋರರ್ ಮತ್ತು ಮಾಂಡರ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಳೆಯ ವೀಕ್ಷಣೆಗಳನ್ನು ತಿರುವಿಹಾಕಿ ಇದನ್ನು ಹೇಳಿದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1976ರಲ್ಲಿ ಅಮೆರಿಕದ ಜಾನ್ ಎಡ್ಡಿ ಮತ್ತೊಮ್ಮೆ ಗ್ರಂಥಭಂಡಾರಗಳಲ್ಲಿ ಕುಳಿತು, ಹಳೆಯ ವೀಕ್ಷಕರ ಟಿಪ್ಪಣಿಗಳು, ಗ್ರಹಣಕಾಲದ ವರ್ಣನೆಗಳು, ಉತ್ತರದ ಧ್ರುವಪ್ರಭೆಯನ್ನು ಕಂಡವರ ಬರಹಗಳು, ಇವೆಲ್ಲವನ್ನೂ ಕೂಡಿಸಿ ವಾದಿಸಿದ ಮೇಲೆ ಜಗತ್ತು ಒಪ್ಪಿತು. ಸೂರ್ಯನಂತಹ ಸೂರ್ಯನ ಸ್ವಭಾವವೇ ಪುಸ್ತಕದ ಕಪಾಟಿನಲ್ಲಿ ಅಡಗಿತ್ತೆನ್ನಬಹುದು. ನಮ್ಮ ದೇಶದಲ್ಲಿಯೇ ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ 1904ರಿಂದೀಚೆಗೆ ತೆಗೆದ ಸೂರ್ಯನ ಛಾಯಾಚಿತ್ರಗಳ ಗಾಜಿನ ಫಲಕಗಳಿವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅವನ್ನು ಗಣಕಯಂತ್ರಕ್ಕೆ ಇಳಿಸಿ ಎಲ್ಲರಿಗೂ ದೊರೆಯುವಂತೆ ಮಾಡಿದ್ದಾರೆ.

ಇನ್ನು ಭೂಮಿಯ ಸುತ್ತುವಿಕೆ. ಉಬ್ಬರವಿಳಿತಗಳ ಘರ್ಷಣೆಯಿಂದ ಭೂಮಿಯ ಆವರ್ತನ ನಿಧಾನವಾಗುತ್ತಿದೆ. ಹಗಲಿರುಳು ಸೇರಿದ ಒಂದು ದಿನದ ಅವಧಿ ಶತಮಾನಕ್ಕೆ ಸುಮಾರು 1.7 ಮಿಲಿಸೆಕೆಂಡಿನಷ್ಟು ಹೆಚ್ಚುತ್ತಿದೆ. ಇಷ್ಟು ಅಲ್ಪವಾದ ವ್ಯತ್ಯಾಸವನ್ನು ಶತಮಾನಗಳ ಹಿಂದಕ್ಕೆ ಅಳೆಯುವುದೆಂತು? ಬ್ಯಾಬಿಲೋನಿನವರು ಹಸಿಯ ಜೇಡಿಮಣ್ಣಿನ ಹಲಗೆಯ ಮೇಲೆ ಕ್ರಿ. ಪೂ. 136ನೆಯ ಏಪ್ರಿಲ್ 15ರ ಪೂರ್ಣ ಸೂರ್ಯಗ್ರಹಣವನ್ನು ಬರೆದಿಟ್ಟರು; ಆ ಹಲಗೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿವೆ. ಭೂಮಿಯ ವೇಗ ಎಂದೆಂದಿಗೂ ಒಂದೇ ಆಗಿದ್ದರೆ ಆ ಗ್ರಹಣದ ನೆರಳು ಬ್ಯಾಬಿಲೋನಿನ ಮೇಲೆ ಬೀಳುವ ಬದಲು ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಬೀಳಬೇಕಾಗಿತ್ತು. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಇದು ಮೂರೂಕಾಲು ಗಂಟೆ. ವಿದ್ಯಾರ್ಥಿಗಳು ಇದನ್ನು ತಾವೇ ತಾಳೆನೋಡಬಹುದು. ನಮ್ಮ ಗಡಿಯಾರದ ಸೆಕೆಂಡಿಗೆ ಸರಿಹೊಂದುವ ದಿನ ಹತ್ತೊಂಬತ್ತನೆಯ ಶತಮಾನದ ಆದಿಭಾಗದ್ದು. ಆ ಗ್ರಹಣದಿಂದ ಅಲ್ಲಿಗೆ 19½ ಶತಮಾನ. ದಿನದ ಅವಧಿಯಲ್ಲಿ ಒಟ್ಟು ವ್ಯತ್ಯಾಸ 33 ಮಿಲಿಸೆಕೆಂಡು. ಸರಾಸರಿ ಅದರ ಅರ್ಧ, ಹದಿನಾರೂವರೆ. ದಿನಗಳು ಏಳು ಲಕ್ಷದ ಹನ್ನೆರಡು ಸಾವಿರ. ಗುಣಿಸಿದರೆ ಸುಮಾರು 11,700 ಸೆಕೆಂಡು, ಎಂದರೆ ಮೂರೂಕಾಲು ಗಂಟೆ! ಸಮವೇಗೋತ್ಕರ್ಷದ ಸೂತ್ರವನ್ನು ಬಾಯಿಪಾಠ ಮಾಡಿದ ಹೈಸ್ಕೂಲಿನ ಹುಡುಗನಿಗೆ ಜೇಡಿಮಣ್ಣಿನ ಹಲಗೆಗಿಂತ ಒಳ್ಳೆಯ ಉದಾಹರಣೆಯನ್ನು ನಾನು ಕೊಡಲಾರೆ.

ನಮ್ಮಲ್ಲಿಯೂ ಗ್ರಹಣಗಳ ಉಲ್ಲೇಖಕ್ಕೆ ಕೊರತೆಯಿಲ್ಲ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ 1901ರಲ್ಲಿ ಹೊರಬಂದಿತು. ಅಂದಿನ ಕಡೂರು ಜಿಲ್ಲೆಯ, ಎಂದರೆ ನಮ್ಮ ಕೊಪ್ಪ ಶೃಂಗೇರಿಗಳೂ ಸೇರಿದ ಸೀಮೆಯ, ಶಾಸನಗಳು ಅದರಲ್ಲಿವೆ. ಕನ್ನಡ ಶಾಸನಗಳಲ್ಲಿ ದಾನಗಳು ಹೆಚ್ಚಾಗಿ ಗ್ರಹಣ, ಸಂಕ್ರಮಣ, ವ್ಯತೀಪಾತಗಳ ಪುಣ್ಯಕಾಲದಲ್ಲಿ ನಡೆಯುತ್ತಿದ್ದುದರಿಂದ ಆಕಾಶದ ಸಂಗತಿಗಳು ಕಲ್ಲಿನ ಮೇಲೆ ಧಾರಾಳವಾಗಿ ಕುಳಿತಿವೆ. ಬೆಂಗಳೂರಿನ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಮತ್ತವರ ಸಂಗಡಿಗರು ಇವನ್ನು ಖಗೋಳಶಾಸ್ತ್ರದ ದೃಷ್ಟಿಯಿಂದ ಓದುವ ಕೆಲಸವನ್ನು ಮಾಡಿದ್ದಾರೆ. ಆದರೆ ಇಲ್ಲಿ ಎಚ್ಚರ ಬೇಕು. ದಾನಿಯು ಗ್ರಹಣವನ್ನು ಕಣ್ಣಾರೆ ಕಂಡು ಬರೆಯಿಸಿದನೋ, ಪಂಚಾಂಗದಲ್ಲಿ ಇದೆಯೆಂದು ಜೋಯಿಸರು ಹೇಳಿದುದನ್ನು ನಂಬಿ ಬರೆಯಿಸಿದನೋ ಎಂಬುದು ಶಾಸನದಿಂದ ಒಮ್ಮೆಗೇ ತಿಳಿಯದು. ಎರಡನೆಯದಾದರೆ ಅದು ಪಂಚಾಂಗಕಾರನ ಗಣಿತಕ್ಕೆ ಸಾಕ್ಷಿಯೇ ಹೊರತು ಆಕಾಶಕ್ಕೆ ಸಾಕ್ಷಿಯಲ್ಲ. ಬ್ಯಾಬಿಲೋನಿನ ಹಲಗೆಯಲ್ಲಿ ಗ್ರಹಣ ಆರಂಭವಾದ ಹೊತ್ತನ್ನೂ ಕಾಣಿಸಿದ ಗ್ರಹಗಳನ್ನೂ ಹೇಳಿದೆ. ಆದ್ದರಿಂದಲೇ ಅದಕ್ಕೆ ಅಷ್ಟು ಬೆಲೆ. ಇಂತಹ ವಿವೇಚನೆಯನ್ನು ಮಾಡಲು ಭೌತವಿಜ್ಞಾನ ಬಲ್ಲವನೇ ಬೇಕು. ಲಿಪಿ ಬಲ್ಲವನೂ ಬೇಕು. ಇಬ್ಬರೂ ಒಬ್ಬನೇ ಆದರೆ ಇನ್ನೂ ಲೇಸು.

ಅಂತಹವರು ಇರಲಿಲ್ಲವೆ? ಇದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಪಂಪಭಾರತವನ್ನು ಪರಿಷ್ಕರಿಸಿ ಅಚ್ಚಿಗೆ ಸಿದ್ಧಪಡಿಸಿದವರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದವರೂ ಅವರೇ. ಹಗಲು ಪ್ರಿಸಮಿನ ಪಾಠ, ರಾತ್ರಿ ಪಂಪನ ಪಾಠಾಂತರ. ಎರಡರಲ್ಲಿಯೂ ಬೇಕಾದ ಗುಣ ಒಂದೇ, ಕಂಡುದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆ. ಅವರ ಆ ಪತ್ರಿಕೆ ಎರಡು ವರ್ಷ ನಡೆದು ನಿಂತಿತು.

ಈ ವಿಷಯದಲ್ಲಿ ನಮ್ಮ ನಡುವೆ ಎರಡು ಗುಂಪುಗಳುಂಟು. ಎಲ್ಲವೂ ನಮ್ಮ ಓಲೆಗರಿಗಳಲ್ಲಿ ಮೊದಲೇ ಇತ್ತು ಎನ್ನುವವರು ಒಂದು ಗುಂಪು. ಅಲ್ಲಿರುವುದೆಲ್ಲ ಬರಿಯ ಕಂದಾಚಾರ ಎನ್ನುವವರು ಇನ್ನೊಂದು. ಇವರಿಬ್ಬರಲ್ಲಿ ಹೆಚ್ಚಿನವರು ಒಂದು ಓಲೆಕಟ್ಟಿನ ದಾರವನ್ನೂ ಬಿಚ್ಚಿದವರಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದನು. ಅದಕ್ಕೂ ಮೊದಲು, ಸುಮಾರು 1025ರಲ್ಲಿ, ಚಾಲುಕ್ಯರ ಆಸ್ಥಾನದ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿ, ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡಿಗೆ, ಶಕುನ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿದನು. ಬುಟ್ಟಿಯಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಇಂತಹ ಗುರುತಿದ್ದಲ್ಲಿ ಇಷ್ಟು ಆಳದಲ್ಲಿ ನೀರು ಎಂಬ ಮಾತನ್ನು ಪೂಜಿಸುವುದರಿಂದಲೂ ಪ್ರಯೋಜನವಿಲ್ಲ, ನಗುವುದರಿಂದಲೂ ಪ್ರಯೋಜನವಿಲ್ಲ. ಬಾವಿ ತೋಡಿ ನೋಡಬಹುದಾದ ಮಾತು ಅದು. ನೂರು ಬಾವಿಗಳ ಲೆಕ್ಕವಿಟ್ಟು, ಗುರುತಿರುವಲ್ಲಿಯೂ ಇಲ್ಲದಲ್ಲಿಯೂ ನೀರು ಬಿದ್ದ ಪ್ರಮಾಣವನ್ನು ಹೋಲಿಸಿದರೆ ವಿಷಯ ತೀರ್ಮಾನವಾಯಿತು.

ಈಗ ನಮ್ಮ ಸೀಮೆಯ ಒಂದು ಭಂಡಾರದ ಮಾತನ್ನು ಹೇಳುತ್ತೇನೆ. ಅದಕ್ಕೆ ಕಟ್ಟಡವಿಲ್ಲ, ಸೂಚಿಯಿಲ್ಲ, ಪಾಲಕನೂ ಇಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಫಿ ತೋಟಗಳಲ್ಲಿಯೂ ಅಡಿಕೆ ಬೆಳೆಗಾರರ ಮನೆಗಳಲ್ಲಿಯೂ ಮಳೆ ಬರೆದಿಟ್ಟ ಪುಸ್ತಕಗಳೇ ಆ ಭಂಡಾರ. ಅಂಗಳದ ಮೂಲೆಯಲ್ಲಿ ಮಳೆಮಾಪಕ, ಜಗಲಿಯ ಗೂಡಿನಲ್ಲಿ ಪುಸ್ತಕ, ಬೆಳಗ್ಗೆ ಕಾಫಿಗೆ ಮೊದಲು ‘ನಿನ್ನೆ ಮೂರು ಇಂಚು ಇಪ್ಪತ್ತು ಸೆಂಟು’ ಎಂದು ಬರೆಯುವ ಹಿರಿಯರು. ಮಲೆನಾಡಿನವರಿಗೆ ಇದು ಹೊಸ ಚಿತ್ರವಲ್ಲ. ಅಂಕೆಯ ಪಕ್ಕದಲ್ಲಿ ಕೆಲವೊಮ್ಮೆ ಎರಡು ಮಾತು: ಹೊಳೆ ತುಂಬಿ ದಾಟಲಾಗಲಿಲ್ಲ, ಕಾಫಿಯ ಹೂಮಳೆ ಬಂತು, ಕೊಟ್ಟೆ ಕಟ್ಟಿ ಮುಗಿಯಿತು, ಎರಡನೆಯ ಸಲದ ಔಷಧ ಹೊಡೆದಾಯಿತು. ಬರೆದವರಿಗೆ ಇದು ಮನೆವಾರ್ತೆ. ಹವಾಮಾನವನ್ನು ಓದುವವನಿಗೆ ಕ್ಯೋಟೋದ ಹೂವಿನ ದಿನಚರಿಗೆ ಸಮಾನ.

ಇದರ ಬೆಲೆಯೇನೆಂದು ಕೇಳುವವರಿಗೆ ಎರಡು ಮಾತು. ಪಶ್ಚಿಮದಿಂದ ಬರುವ ಮುಂಗಾರಿನ ಗಾಳಿ ಘಟ್ಟವನ್ನು ಏರುವಾಗ ತಣಿದು ನೀರನ್ನು ಸುರಿಸುತ್ತದೆ. ಘಟ್ಟದ ಅಂಚನ್ನು ದಾಟಿ ಪೂರ್ವಕ್ಕೆ ಇಳಿದಂತೆಲ್ಲ ಮಳೆ ಬೇಗ ಬೇಗ ಕಡಿಮೆಯಾಗುತ್ತದೆ. ಮೂವತ್ತು ನಲವತ್ತು ಮೈಲಿಗಳೊಳಗೆ ಹಲವು ಪಟ್ಟು ವ್ಯತ್ಯಾಸ. ಇಂತಹ ನಾಡಿನಲ್ಲಿ ತಾಲ್ಲೂಕಿಗೊಂದು ಸರ್ಕಾರಿ ಮಾಪಕವಿದ್ದರೆ ಅದು ತಾನು ನಿಂತ ಅಂಗಳದ ಮಳೆಯನ್ನು ಹೇಳೀತೇ ಹೊರತು ತಾಲ್ಲೂಕಿನ ಮಳೆಯನ್ನಲ್ಲ. ಮೈಸೂರು ಸಂಸ್ಥಾನದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ 1893ರ ಸುಮಾರಿಗೆ ಹವಾಮಾನದ ಕ್ರಮವಾದ ದಾಖಲೆ ಆರಂಭವಾದಾಗ ವೀಕ್ಷಣಾಲಯಗಳಿದ್ದುದು ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ. ನಾಲ್ಕೂ ಘಟ್ಟದ ಆಚೆಯ ಬಯಲಿನವು. ನಡುವಣ ಖಾಲಿ ಜಾಗವನ್ನು ತುಂಬಬಲ್ಲವು ಮನೆಯ ಪುಸ್ತಕಗಳೇ. ಎರಡನೆಯ ಮಾತು ಕೊಳೆರೋಗದ್ದು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಮಲೆನಾಡಿಗೆ ಕಲಿಸಿದರು. ಎಡೆಬಿಡದ ಮಳೆ, ತೇವ, ನಡುನಡುವೆ ಬಿಸಿಲು. ರೋಗ ಹಬ್ಬುವುದು ಇಂತಹ ದಿನಗಳಲ್ಲಿ. ಒಟ್ಟು ಮಳೆ ಎಷ್ಟೆಂಬುದಕ್ಕಿಂತ ಯಾವ ವಾರದಲ್ಲಿ ಹೇಗೆ ಬಿತ್ತೆಂಬುದೇ ಮುಖ್ಯ. ಐವತ್ತು ವರ್ಷಗಳ ದಿನದಿನದ ಮಳೆಯೂ ಔಷಧ ಹೊಡೆದ ದಿನಗಳೂ ಒಂದೇ ಪುಸ್ತಕದಲ್ಲಿದ್ದರೆ, ಯಾವ ಪ್ರಯೋಗಶಾಲೆಯೂ ಹಣಕೊಟ್ಟು ಕೊಳ್ಳಲಾಗದ ಪ್ರಯೋಗ ಅದು.

ಇಂತಹ ಪುಸ್ತಕಗಳ ಗತಿಯೇನು? ಬರೆಯುತ್ತಿದ್ದ ಹಿರಿಯರು ತೀರಿಕೊಂಡ ಮೇಲೆ ಮನೆ ಪಾಲಾಗುತ್ತದೆ. ಹೆಂಚಿನ ಮನೆ ಹೋಗಿ ತಾರಸಿ ಬರುತ್ತದೆ. ಅಟ್ಟವನ್ನು ಖಾಲಿಮಾಡುವ ದಿನ ಎಲ್ಲವೂ ಹಳೆಯ ಪೇಪರಿನವನ ತಕ್ಕಡಿಗೆ. ನನ್ನ ವಿದ್ಯಾರ್ಥಿಯೊಬ್ಬ ತನ್ನ ಅಜ್ಜನ ಮಳೆಪುಸ್ತಕಗಳು ಇದೆಯೆಂದು ಹೇಳಿ ತರಲು ಹೋದಾಗ ಅವು ಹಿಂದಿನ ವಾರವೇ ತೂಕಕ್ಕೆ ಹೋಗಿದ್ದುವು. ಉಳಿದಿದ್ದುದು ಒಂದೇ ಸಂಪುಟ, ಅದೂ ಕಿಟಕಿಯ ಬಾಗಿಲು ಬಡಿಯದಿರಲೆಂದು ಅಡ್ಡ ಇಟ್ಟಿದ್ದುದರಿಂದ! ಅದರಲ್ಲಿ ಏಳು ವರ್ಷಗಳ ಮಳೆಯಿತ್ತು.

ಹಳೆಯ ಅಟ್ಟವನ್ನು ಕುರಿತು ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ, ಏಕೆಂದರೆ ಅದರಲ್ಲಿ ಭೌತವಿಜ್ಞಾನವಿದೆ. ಕಾಗದಕ್ಕೂ ಓಲೆಗೂ ಬೂಷ್ಟು ಹಿಡಿಯುವುದು ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 65-70ನ್ನು ಮೀರಿದಾಗ. ಆಷಾಢದಲ್ಲಿ ನಮ್ಮಲ್ಲಿ ಅದು 95 ಇರುವುದು ಸಾಮಾನ್ಯ. ಉಷ್ಣತೆ 22 ಡಿಗ್ರಿಯೆನ್ನೋಣ. ಆಗ ಸಂತೃಪ್ತ ಆವಿಯ ಒತ್ತಡ 19.8 ಮಿಲಿಮೀಟರು ಪಾದರಸ, ಗಾಳಿಯಲ್ಲಿರುವ ಆವಿಯದು ಅದರ ನೂರಕ್ಕೆ 95, ಎಂದರೆ 18.8. ಅದೇ ಗಾಳಿ ಒಲೆಯ ಮೇಲಣ ಅಟ್ಟಕ್ಕೆ ಏರಿ 28 ಡಿಗ್ರಿಗೆ ಬಿಸಿಯಾಯಿತೆನ್ನಿ. ಅಲ್ಲಿ ಸಂತೃಪ್ತ ಒತ್ತಡ 28.3. ಆವಿ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಆದರೂ ಸಾಪೇಕ್ಷ ಆರ್ದ್ರತೆ 66ಕ್ಕೆ ಇಳಿಯಿತು. ಆರು ಡಿಗ್ರಿ ಬಿಸಿ ಬೂಷ್ಟನ್ನು ಬಾಗಿಲಾಚೆ ನಿಲ್ಲಿಸಿತು. ಹೊಗೆ ಹುಳುಗಳನ್ನು ದೂರವಿರಿಸಿತು. ಗ್ಯಾಸಿನ ಒಲೆಯೂ ತಣ್ಣನೆಯ ಕಪಾಟೂ ಬಂದ ಮೇಲೆ ಈ ರಕ್ಷಣೆ ತಪ್ಪಿತು. ಓಲೆಯೂ ಕಡತವೂ ಇದನ್ನು ಸ್ವಲ್ಪಕಾಲ ತಾಳಿಯಾವು, ಕಾಗದ ತಾಳದು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದೀಚೆಗೆ ಮರದ ತಿರುಳಿನಿಂದ ಮಾಡಿ, ಪಟಿಕದ ಲೇಪ ಕೊಟ್ಟ ಅಗ್ಗದ ಕಾಗದಗಳಲ್ಲಿ ಆಮ್ಲ ಹುಟ್ಟಿ ನಾರುಗಳನ್ನು ತಿನ್ನುತ್ತದೆ. ಹಾಳೆ ಹಳದಿಯಾಗಿ, ಕಂದಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಮುನ್ನೂರು ವರ್ಷದ ಓಲೆಯನ್ನು ನಿರ್ಭಯವಾಗಿ ತಿರುವಬಹುದು, ನೂರು ವರ್ಷದ ಮಾಸಪತ್ರಿಕೆಯನ್ನು ತಿರುವುವಾಗ ಕೈ ನಡುಗುತ್ತದೆ.

ಆದುದರಿಂದ ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಭಂಡಾರಗಳು ಕಾವ್ಯ, ಶಾಸ್ತ್ರ, ಪುರಾಣಗಳಿಗೆ ಕೊಟ್ಟಷ್ಟೇ ಆದರವನ್ನು ಮಳೆಪುಸ್ತಕಗಳಿಗೂ ತೋಟದ ದಿನಚರಿಗಳಿಗೂ ಹಳೆಯ ಪ್ರಯೋಗಶಾಲೆಗಳ ಟಿಪ್ಪಣಿಗಳಿಗೂ ಕೊಡಬೇಕೆಂದು ನಾನು ಹೇಳುತ್ತೇನೆ. ಮಲೆನಾಡಿಗೆ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯವಿದೆ. ಅದರ ಆಡಳಿತದಲ್ಲಿ ಕೆಳದಿಯ ವಸ್ತುಸಂಗ್ರಹಾಲಯವಿದೆ. ಕೆಳದಿ ಗುಂಡಾ ಜೋಯಿಸರು ಮನೆಮನೆಯಿಂದ ಕಾಡಿಬೇಡಿ ತಂದು ಕೂಡಿಸಿದ ತಿಗಳಾರಿ ಲಿಪಿಯ ಓಲೆಗಳೂ ಕಾಗದಪತ್ರಗಳೂ ಅಲ್ಲಿವೆ. ಒಬ್ಬ ವ್ಯಕ್ತಿಯ ಹಟ ಅಷ್ಟನ್ನು ಮಾಡಿದ ಮೇಲೆ ಇಲಾಖೆಯೊಂದಕ್ಕೆ ಅಸಾಧ್ಯವೇನೂ ಇಲ್ಲ. ಸಸ್ಯವಿಜ್ಞಾನಕ್ಕೆ ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನ ಕೇಂದ್ರ ನೆರೆಯಲ್ಲಿಯೇ ಇದೆ. ಭೌತಶಾಸ್ತ್ರಕ್ಕೆ ನಮ್ಮ ಕಾಲೇಜುಗಳಿವೆ. ಬಿ.ಎಸ್‌ಸಿ. ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬೆಂಗಳೂರಿನ ತಾರಾಲಯಕ್ಕೆ ಪ್ರವಾಸ ಹೋಗುವಂತೆ ಹಸ್ತಪ್ರತಿ ಭಂಡಾರಕ್ಕೂ ಹೋಗಲಿ. ತಿಗಳಾರಿಯನ್ನು ಕಲಿಯುವುದು ಬಲು ಕಷ್ಟವೆಂಬ ಭಯವಿದ್ದರೆ, ಗ್ರೀಕ್ ಅಕ್ಷರಗಳನ್ನೆಲ್ಲ ಸಮೀಕರಣಗಳಿಗಾಗಿ ಕಲಿತವರು ನೀವು ಎಂದು ನೆನಪಿಸುತ್ತೇನೆ.

ಎಲ್ಲವನ್ನೂ ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿಟ್ಟರೆ ಸಾಲದೆ, ಮೂಲವೇಕೆ ಎನ್ನುವವರುಂಟು. ಚಿತ್ರ ತೆಗೆಯುವುದು ಅವಶ್ಯ, ತಡಮಾಡದೆ ತೆಗೆಯಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕಡತದಲ್ಲಿ ಅಳಿಸಿ ಬರೆದ ಅಂಕೆಯ ಕೆಳಗಿನ ಹಳೆಯ ಗೀಟು ಓರೆಯಾಗಿ ಬೆಳಕು ಹಿಡಿದಾಗ ಮಾತ್ರ ಕಾಣುತ್ತದೆ. ನೇರ ಬೆಳಕಿನ ಚಿತ್ರದಲ್ಲಿ ಕಾಣುವುದಿಲ್ಲ. ಮಳೆಪುಸ್ತಕದಲ್ಲಿ ಒಂದು ತಿಂಗಳ ಅಂಕೆಗಳೆಲ್ಲವೂ ಒಂದೇ ಶಾಯಿಯಲ್ಲಿ ಒಂದೇ ಓಟದಲ್ಲಿ ಬರೆದಂತಿದ್ದರೆ, ಅವು ಅಂದಂದೇ ಬರೆದವಲ್ಲವೆಂದು ಅನುಮಾನಿಸಬೇಕಾಗುತ್ತದೆ. ಇಂತಹ ಸಾಕ್ಷ್ಯ ಮೂಲದಲ್ಲಿಯೇ ಉಂಟು. ಅಲ್ಲದೆ ಚಿತ್ರ ತೆಗೆಯುವವನು ಯಾವ ಪುಟವನ್ನು ‘ಖಾಲಿ’ಯೆಂದು ಬಿಡುತ್ತಾನೋ ಅದರ ಅಂಚಿನಲ್ಲಿಯೇ ಬೇಕಾದ ಮಾತಿರುವುದು ಈ ಪ್ರಪಂಚದ ನಿಯಮಗಳಲ್ಲೊಂದು.

ಮಳೆಪುಸ್ತಕವನ್ನು ಭಂಡಾರಕ್ಕೆ ಕೊಡುವ ಮನೆಯವರೂ, ತರಲು ಹೋಗುವ ವಿದ್ಯಾರ್ಥಿಗಳೂ ಅದರೊಡನೆ ಒಂದು ಹಾಳೆಯನ್ನು ಸೇರಿಸಬೇಕು. ಹಾಳೆಯಿಲ್ಲದ ಪುಸ್ತಕದ ಬೆಲೆ ಅರ್ಧಕ್ಕಿಳಿಯುತ್ತದೆ. ಮಾಪಕದ ಬಾಯಿಯ ವ್ಯಾಸವೆಷ್ಟು, ಅದರೊಡನೆ ಬಂದ ಅಳತೆಯ ಗಾಜು ಅದರದ್ದೇನೋ ಅಥವಾ ಒಡೆದ ಮೇಲೆ ಬೇರೆ ಮಾಪಕದ್ದನ್ನು ತಂದರೋ. ಅಂಕೆಗಳು ಇಂಚಿನಲ್ಲಿಯೋ ಮಿಲಿಮೀಟರಿನಲ್ಲಿಯೋ, ಯಾವ ವರ್ಷ ಬದಲಾಯಿಸಿದರು. ಮಾಪಕದ ಪಕ್ಕದ ಮಾವಿನ ಮರ ಎಷ್ಟು ದೂರದಲ್ಲಿತ್ತು, ಯಾವಾಗ ಕಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಗ್ಗೆ ಎಷ್ಟು ಗಂಟೆಗೆ ಅಳೆಯುತ್ತಿದ್ದರು, ಅಳೆದುದನ್ನು ಯಾವ ತಾರೀಖಿಗೆ ಬರೆಯುತ್ತಿದ್ದರು. ಸರ್ಕಾರದ ಹವಾಮಾನ ಇಲಾಖೆ ಬೆಳಗ್ಗೆ 8-30ಕ್ಕೆ ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ತಾರೀಖಿಗೆ ಬರೆಯುತ್ತದೆ. ಮನೆಗಳಲ್ಲಿ ‘ನಿನ್ನೆಯ ಮಳೆ’ಯೆಂದು ನಿನ್ನೆಯ ತಾರೀಖಿಗೇ ಬರೆಯುವ ರೂಢಿಯುಂಟು. ಇದು ತಿಳಿಯದಿದ್ದರೆ ಒಂದೇ ರಾತ್ರಿ ಸುರಿದ ಮಳೆ ನೆಮ್ಮಾರಿನಲ್ಲಿ ಒಂದು ದಿನವೂ ಶೃಂಗೇರಿಯಲ್ಲಿ ಮರುದಿನವೂ ಬಂದಂತೆ ಕಾಣುವುದು. ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಈಗ ಎಂಬತ್ತರ ಆಚೆ ಈಚೆ ಇದ್ದಾರೆ. ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಸಿಗುತ್ತಾರೆ.